ಎಂ. ಕೆ. ಚಂದ್ರಶೇಖರನ್

ಮಾರೋಳಿ ಕೃಷ್ಣಯ್ಯ ಚಂದ್ರಶೇಖರನ್ (1937–2009) ಭಾರತದ ಪ್ರಾಣಿಶಾಸ್ತ್ರಜ್ಞರು. ಜೀವಿಗಳೊಳಗಿನ ಕಾಲಮಾಪನವನ್ನು ಅಭ್ಯಸಿಸುವ ಕಾಲಜೀವಶಾಸ್ತ್ರಕ್ಕೆ ನಮ್ಮ ದೇಶದಲ್ಲಿ ಅಡಿಪಾಯ ಹಾಕಿದವರು. ಮಧುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿಯೂ, ಬಳಿಕ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಸೇವೆ ಸಲ್ಲಿಸಿದರು. 1983ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿಗೆ ಪಾತ್ರರಾದರು.

ಅಧ್ಯಯನ

ಮದ್ರಾಸಿನಲ್ಲಿ ಕಡಲತೀರದ ಮರಳಿನಲ್ಲಿ ಹುದುಗಿರುವ ಒಂದು ಬಗೆಯ ಏಡಿಯ ಮೇಲೆ ಅವರ ಮೊದಲ ಸಂಶೋಧನೆ ನಡೆಯಿತು. ಕಡಲಿನಿಂದ ದೂರ ಒಯ್ದರೂ ಆ ಪ್ರಾಣಿಯ ಚಲನವಲನದಲ್ಲಿ ಉಬ್ಬರವಿಳಿತದ ಲಯ ಮುಂದುವರಿಯುವುದನ್ನು ಅವರು ದಾಖಲಿಸಿದರು. ಅನಂತರ ಜರ್ಮನಿಯ ಟ್ಯೂಬಿಂಗನ್ ಹಾಗೂ ಅಮೆರಿಕದ ಬರ್ಕ್ಲಿಯಲ್ಲಿ ಹಣ್ಣುನೊಣಗಳು ಕೋಶದಿಂದ ಹೊರಬರುವ ವೇಳೆಯನ್ನು ಬೆಳಕಿನ ಕ್ಷಣಿಕ ಸ್ಪರ್ಶವು ಹೇಗೆ ಹಿಂದುಮುಂದು ಮಾಡುತ್ತದೆ ಎಂಬುದನ್ನು ಪರೀಕ್ಷಿಸಿದರು.

ಮಧುರೈಯ ಪ್ರಯೋಗಗಳು

ಅವರ ಹೆಸರು ಉಳಿದಿರುವುದು ಮುಖ್ಯವಾಗಿ ಬಾವಲಿಗಳಿಂದ. ಹಗಲುರಾತ್ರಿಗಳ ಸುಳಿವೇ ತಲುಪದ ಗುಹೆಯ ಕತ್ತಲಲ್ಲಿ ಬಾವಲಿಗೆ ಸಂಜೆಯಾದದ್ದು ತಿಳಿಯುವುದೆಂತು? ಜಿ. ಮಾರಿಮುತ್ತು ಮೊದಲಾದ ಶಿಷ್ಯರೊಡನೆ ಅವರು ಗುಹೆಯೊಳಗೇ ಬಾವಲಿಗಳನ್ನು ಪಂಜರದಲ್ಲಿಟ್ಟು ನೋಡಿದರು. ಸ್ವತಂತ್ರ ಬಾವಲಿಗಳು ಸುತ್ತ ಹಾರಿಹೋಗಿ ಬರುತ್ತಿರುವಷ್ಟು ಕಾಲ ಬಂಧಿಗಳ ಗಡಿಯಾರವೂ ಅವುಗಳೊಂದಿಗೆ ಹೊಂದಿಕೊಂಡಿತ್ತು. ಸಹವಾಸವಿಲ್ಲದ ಗುಹೆಯಲ್ಲಿ ಅದು ತನ್ನದೇ ಅವಧಿಯನ್ನು ಹಿಡಿದು ಹೊರಗಿನ ದಿನದಿಂದ ಜಾರತೊಡಗಿತು. ಸೂರ್ಯನಷ್ಟೇ ಅಲ್ಲ, ಬಳಗವೂ ವೇಳೆ ತಿಳಿಸಬಲ್ಲದು ಎಂಬ ಈ ಫಲಿತಾಂಶ 1981ರಲ್ಲಿ ಪ್ರಕಟವಾಯಿತು. 1985ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಲೇಖನವು ತಾಯಿ ಇಲಿ ಬಳಿಯಿರುವ ಮತ್ತು ಇಲ್ಲದಿರುವ ಸರದಿಯೇ ಮರಿಗಳ ಗಡಿಯಾರವನ್ನು ತಿದ್ದುತ್ತದೆಂದು ತೋರಿಸಿತು. ಇಷ್ಟು ಸರಳ ಸಲಕರಣೆಗಳಿಂದ ಇಷ್ಟು ಮೂಲಭೂತವಾದ ಪ್ರಶ್ನೆಗಳನ್ನು ಕೇಳಿದ ಪ್ರಯೋಗಾಲಯಗಳು ವಿರಳ. ಮನುಷ್ಯರನ್ನು ಗಡಿಯಾರವಾಗಲಿ ಸೂರ್ಯನಾಗಲಿ ಕಾಣದ ಕೊಠಡಿಯಲ್ಲಿ ಇರಿಸಿ ನಿದ್ರೆ-ಎಚ್ಚರಗಳ ಲಯವನ್ನೂ ಅಲ್ಲಿಯೇ ಅಳೆಯಲಾಯಿತು.

ಜೀನು ಮತ್ತು ಗಡಿಯಾರ

ಇದೇ ಅವಧಿಯಲ್ಲಿ ಗಡಿಯಾರದ ಯಂತ್ರಭಾಗಗಳು ಬೇರೆಡೆ ಬಯಲಾಗುತ್ತಿದ್ದವು. 1971ರಲ್ಲಿ ರೊನಾಲ್ಡ್ ಕೊನೊಪ್ಕ ಮತ್ತು ಸೀಮರ್ ಬೆಂಜರ್ ಹಣ್ಣುನೊಣದಲ್ಲಿ ಪೀರಿಯಡ್ ಎಂಬ ಜೀನನ್ನು ಗುರುತಿಸಿದರು. ಅದರ ಒಂದು ವಿಕೃತಿಯಲ್ಲಿ ನೊಣದ ದಿನ ಸುಮಾರು 19 ಗಂಟೆ, ಇನ್ನೊಂದರಲ್ಲಿ 28 ಗಂಟೆ, ಮತ್ತೊಂದರಲ್ಲಿ ಲಯವೇ ಇಲ್ಲ. ಈ ಜೀನಿನಿಂದ ಹುಟ್ಟುವ ಪ್ರೋಟೀನು ಕೋಶದಲ್ಲಿ ಹೆಚ್ಚಿದಾಗ ತನ್ನ ಜೀನನ್ನೇ ತಡೆಯುತ್ತದೆ. ಕರಗಿದಾಗ ತಡೆ ಸಡಿಲುತ್ತದೆ. ಮನುಷ್ಯನಲ್ಲಿರುವ ಇದರ ಬಂಧು ಪಿಇಆರ್2, ಎರಡನೆಯ ವರ್ಣತಂತುವಿನಲ್ಲಿದೆ. ಅದರಲ್ಲಿನ ಒಂದು ಬದಲಾವಣೆಯಿಂದ ಒಂದು ಕುಟುಂಬದವರು ಸಂಜೆಗೇ ನಿದ್ರೆಗೆ ಜಾರಿ ನಸುಕಿಗೆ ಬಹಳ ಮುಂಚೆ ಏಳುತ್ತಿದ್ದುದು 2001ರಲ್ಲಿ ತಿಳಿಯಿತು.

ಬೆಂಗಳೂರಿನಲ್ಲಿ

ಜಕ್ಕೂರಿನಲ್ಲಿ ವಿಕಾಸ ಹಾಗೂ ಜೀವಿ ಜೀವಶಾಸ್ತ್ರ ಘಟಕವನ್ನು ಕಟ್ಟಿದ ಚಂದ್ರಶೇಖರನ್ ಜೀನನ್ನು ಹುಡುಕಹೊರಡಲಿಲ್ಲ. ಗಡಿಯಾರದ ಅಗತ್ಯವೇ ಇಲ್ಲದ ಲೋಕದಲ್ಲಿ ಅದು ಉಳಿಯುವುದೇ ಎಂದು ಕೇಳಿದರು. 600ಕ್ಕೂ ಹೆಚ್ಚು ತಲೆಮಾರು ಸದಾ ಬೆಳಕಿನಲ್ಲೇ ಬಾಳಿದ ಹಣ್ಣುನೊಣಗಳನ್ನು ವಿ. ಶೀಬಾ, ವಿಜಯ್ ಕುಮಾರ್ ಶರ್ಮ, ಅಮಿತಾಭ್ ಜೋಶಿ ಅವರೊಂದಿಗೆ ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆ ನೊಣಗಳಲ್ಲಿ ಕೋಶದಿಂದ ಹೊರಬರುವ ದೈನಿಕ ಲಯ ಅಳಿದಿರಲಿಲ್ಲ.