ಗಂಜಾಮಿನ ದೊಡ್ಡ ಸ್ವಾಮಿಯವರು: ಅಬ್ಬೆ ದುಬ್ವಾ

ಶ್ರೀರಂಗಪಟ್ಟಣ ಎಂದೊಡನೆ ಕರಾವಳಿಯ ಕಥೋಲಿಕ ಕುಟುಂಬಗಳಿಗೆ ನೆನಪಾಗುವುದು ಸೆರೆವಾಸ. ಕರಾವಳಿಯ ಕ್ರೈಸ್ತರು ಇಂಗ್ಲಿಷರ ಪಕ್ಷಪಾತಿಗಳೆಂಬ ಸಂಶಯದಿಂದ ಟಿಪ್ಪು ಸುಲ್ತಾನನು 1784ರಲ್ಲಿ ಅವರನ್ನು ಸೆರೆಹಿಡಿದು ಘಟ್ಟ ಹತ್ತಿಸಿದ ಕಥೆಯನ್ನು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಆದರೆ 1799ರಲ್ಲಿ ಸೆರೆಯ ಬಾಗಿಲು ತೆರೆದಾಗ, ಅಲ್ಲಿ ಉಳಿದವರ ಕೈ ಹಿಡಿದವರು ಯಾರು ಎಂಬುದು ಅನೇಕರಿಗೆ ತಿಳಿಯದು. ಅವರೇ ಅಬ್ಬೆ ದುಬ್ವಾ.

ಅಬ್ಬೆ ಎಂದರೆ ನಮ್ಮ ಭಾಷೆಯಲ್ಲಿ ತಾಯಿ. ಫ್ರೆಂಚರಲ್ಲಿ ಅದು ಧರ್ಮಗುರುಗಳಿಗೆ ಸಲ್ಲುವ ಗೌರವದ ಹೆಸರು. ಝಾನ್ ಆಂತ್ವಾನ್ ದುಬ್ವಾ ಹುಟ್ಟಿದ್ದು 1765ರ ಸುಮಾರಿಗೆ, ದಕ್ಷಿಣ ಫ್ರಾನ್ಸಿನ ಸೇಂ ರೆಮೇಜ್ ಎಂಬ ಹಳ್ಳಿಯಲ್ಲಿ. 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಪ್ಯಾರಿಸಿನ ವಿದೇಶ ಮಿಷನ್ ಸಂಸ್ಥೆಯ ಮೂಲಕ ಭಾರತಕ್ಕೆ ಹೊರಟರು. ಆಗ ಫ್ರಾನ್ಸಿನಲ್ಲಿ ಕ್ರಾಂತಿಯ ಕಾಲ. ಗುರುಗಳ ಪ್ರಾಣಕ್ಕೇ ಭದ್ರತೆಯಿರಲಿಲ್ಲ. ಮೊದಲ ಕೆಲವು ವರ್ಷ ಪುದುಚೇರಿ ಮಿಷನಿನ ಹಳ್ಳಿಗಳಲ್ಲಿ ಸೇವೆ ಸಲ್ಲಿಸಿದರು.

1799ರ ಮೇ 4ರಂದು ಟಿಪ್ಪು ಮಡಿದು ಶ್ರೀರಂಗಪಟ್ಟಣ ಇಂಗ್ಲಿಷರ ವಶವಾಯಿತು. ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ದುಬ್ವಾ ಅಲ್ಲಿಗೆ ಬಂದರು. ಯುದ್ಧಗಳಿಂದ ಸುತ್ತಲ ಸೀಮೆ ನಲುಗಿತ್ತು. ನಾಗಮಂಗಲವನ್ನು ಕೆಲವೇ ವರ್ಷಗಳ ಹಿಂದೆ ಮರಾಠ ಸೇನೆ ಹಾಳುಗೆಡವಿತ್ತು. ಇಂದಿನ ಪಾಂಡವಪುರ ಅಂದು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರು ಅದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಕೋಟೆಯ ಕಾವಲಿಗೆ ನಿಂತ ಪಡೆಗಳಲ್ಲಿ ಸ್ವಿಟ್ಜರ್ಲೆಂಡಿನ ದೆ ಮ್ಯೂರಾನ್ ದಂಡೂ ಇತ್ತು. ಊರ ಹೊರಗಿನ ದಂಡಿನ ಸ್ಮಶಾನದಲ್ಲಿ ಅವರ ಸಮಾಧಿಗಳನ್ನು ಇಂದಿಗೂ ನೋಡಬಹುದು. ಫ್ರಾನ್ಸ್ ಮತ್ತು ಇಂಗ್ಲೆಂಡ್ ಪರಸ್ಪರ ಕಾದಾಡುತ್ತಿದ್ದ ಆ ದಿನಗಳಲ್ಲಿ, ಇಂಗ್ಲಿಷರ ಆಡಳಿತದ ಊರಿನಲ್ಲಿ ಒಬ್ಬ ಫ್ರೆಂಚ್ ಗುರು ನೆಲೆಯೂರುವುದು ಸುಲಭದ ಮಾತಲ್ಲ.

ಆದರೆ ದುಬ್ವಾ ಯುರೋಪಿಯನ್ನರ ಸಹವಾಸವನ್ನೇ ಆದಷ್ಟು ದೂರವಿಟ್ಟರು. ದೇಶೀ ಉಡುಪು ಧರಿಸಿ, ತಲೆಗೆ ರುಮಾಲು ಸುತ್ತಿ, ಇಲ್ಲಿಯ ಜನರ ರೀತಿನೀತಿಯಂತೆ ಬಾಳಿದರು. ಜನರು ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು.

ಬಿಡುಗಡೆಯಾದವರಲ್ಲಿ ಹಲವರು ಕರಾವಳಿಗೆ ಮರಳಿದರು, ಕೆಲವರು ಕೊಡಗು, ಮಲಬಾರಿಗೆ ಹೋದರು, ಇನ್ನು ಕೆಲವರು ಅಲ್ಲೇ ಉಳಿದರು. ಬಲವಂತಕ್ಕೆ ಮಣಿದು ಮತ ಬದಲಿಸಿ, ಮತ್ತೆ ಮರಳಲು ಬಯಸಿದವರನ್ನು ದುಬ್ವಾ ಧರ್ಮಸಭೆಗೆ ಬರಮಾಡಿಕೊಂಡರು. ಅವರಿಗಾಗಿ ಗಂಜಾಮಿನಲ್ಲಿ ಇಗರ್ಜಿ ಎದ್ದಿತು. ಉಪದೇಶವೊಂದರಿಂದಲೇ ಹೊಟ್ಟೆ ತುಂಬದೆಂದು ಅರಿತಿದ್ದ ಅವರು, ಬಡ ಕುಟುಂಬಗಳು ಬೇಸಾಯ ಮಾಡಿ ಬದುಕುವಂತೆ ಹೊಸ ವಸತಿಗಳನ್ನು ಕಟ್ಟಿದರು. ಹಾಸನದ ಬಳಿಯ ಸತ್ತಿಹಳ್ಳಿ ಇವುಗಳಲ್ಲಿ ಹೆಸರಾದದ್ದು.

ಸಿಡುಬು ಹಳ್ಳಿಹಳ್ಳಿಗಳನ್ನು ಬಲಿ ಪಡೆಯುತ್ತಿದ್ದ ಕಾಲವದು. ಜೆನ್ನರ್ ಕಂಡುಹಿಡಿದ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಜನರು ಅಂಜಿ ಹಿಂಜರಿಯುತ್ತಿದ್ದಾಗ ದುಬ್ವಾ ಮುಂದೆ ನಿಂತು ಅದನ್ನು ಹಾಕಿಸಿದರು. 1803-04ರಲ್ಲಿ ಹೀಗೆ ಲಸಿಕೆ ಪಡೆದವರ ಸಂಖ್ಯೆ 25 ಸಾವಿರಕ್ಕೂ ಹೆಚ್ಚೆಂದು ದಾಖಲೆಯಿದೆ. ಜಾತಿ ಮತ ನೋಡದೆ ನಡೆದ ಸೇವೆಯಿದು.

ಲೋಕಕ್ಕೆ ಅವರು ಪರಿಚಿತರಾದದ್ದು ಹಿಂದೂ ಜನರ ಆಚಾರ ವಿಚಾರಗಳ ಕುರಿತ ಗ್ರಂಥದಿಂದ. ಅದರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ವರಹ ಕೊಟ್ಟು ಕೊಂಡಿತು. ಇಂಗ್ಲಿಷ್ ಅನುವಾದ 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಆದರೆ ಅದರ ಬಹುಭಾಗ, ಅವರಿಗಿಂತ ಹಿಂದೆ ಪುದುಚೇರಿಯಲ್ಲಿದ್ದ ಯೇಸುಸಭೆಯ ಫಾದರ್ ಕೇರ್ದೂ ಅವರ ಬರಹವನ್ನು ಆಧರಿಸಿದೆ ಎಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿಕೊಟ್ಟರು. ಮೂಲ ಲೇಖಕರ ಹೆಸರು ಹೇಳದೆ ಹೋದದ್ದು ದುಬ್ವಾ ಅವರ ಲೋಪವೇ ಸರಿ. ಗುರುಗಳೆಂಬ ಕಾರಣಕ್ಕೆ ನಾವು ಅದನ್ನು ಮುಚ್ಚಿಡಬೇಕಾಗಿಲ್ಲ.

ಇಷ್ಟೆಲ್ಲ ದುಡಿದರೂ ಕೊನೆಗೆ ಅವರ ಮನಸ್ಸಿನಲ್ಲಿ ನಿರಾಶೆ ಉಳಿಯಿತು. ಮೂವತ್ತು ವರ್ಷಗಳ ಸೇವೆಯಲ್ಲಿ ತಾವು ಹೊಸದಾಗಿ ವಿಶ್ವಾಸಕ್ಕೆ ತಂದವರು ಇನ್ನೂರು ಮುನ್ನೂರು ಜನ ಮಾತ್ರ, ಅವರಲ್ಲಿಯೂ ಮನಃಪೂರ್ವಕವಾಗಿ ಬಂದವರು ವಿರಳ ಎಂದು ಅವರು ಬಹಿರಂಗವಾಗಿಯೇ ಬರೆದರು. 1823ರ ಜನವರಿಯಲ್ಲಿ ಭಾರತ ಬಿಟ್ಟವರು ಮತ್ತೆ ಬರಲಿಲ್ಲ. ಪ್ಯಾರಿಸಿನಲ್ಲಿ ತಮ್ಮ ಸಂಸ್ಥೆಯ ಮುಖ್ಯಸ್ಥರಾಗಿಯೂ ದುಡಿದು, ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಂದು, 1848ರ ಫೆಬ್ರವರಿ 17ರಂದು ಪ್ರಭುವಿನಲ್ಲಿ ವಿಶ್ರಮಿಸಿದರು.

ಪ್ರಿಯ ಓದುಗರೇ, ಹೆಸರು ತಂದ ಗ್ರಂಥದಲ್ಲಿ ಇನ್ನೊಬ್ಬರ ಪಾಲಿತ್ತು. ಮತಾಂತರದ ಲೆಕ್ಕದಲ್ಲಿ ಅವರೇ ತಮ್ಮನ್ನು ಸೋತವರೆಂದು ಎಣಿಸಿಕೊಂಡರು. ಆದರೆ ಸೆರೆಯಿಂದ ಬಂದವರಿಗೆ ಸಿಕ್ಕ ಆಸರೆ, ಉಳಲು ಸಿಕ್ಕ ಹೊಲ, ಸಿಡುಬಿನಿಂದ ಉಳಿದ ಮಕ್ಕಳು ಯಾವ ಸೋಲಿನ ಲೆಕ್ಕಕ್ಕೂ ಸೇರುವುದಿಲ್ಲ. ಮುಂದಿನ ಸಲ ಶ್ರೀರಂಗಪಟ್ಟಣಕ್ಕೆ ಹೋದಾಗ ಕೋಟೆ ನೋಡಿ ಹಿಂದಿರುಗಬೇಡಿ. ಗಂಜಾಮಿನಲ್ಲಿ ಇಂದಿಗೂ ಅವರ ಹೆಸರಿನಿಂದಲೇ ಪರಿಚಿತವಾಗಿರುವ ಇಗರ್ಜಿಗೆ ಹೋಗಿ, ನಮ್ಮ ಪೂರ್ವಜರಿಗಾಗಿಯೂ ಆ ಗುರುಗಳಿಗಾಗಿಯೂ ಒಂದು ಪ್ರಾರ್ಥನೆ ಸಲ್ಲಿಸಿ ಬನ್ನಿ.