ಆರು ಚುಕ್ಕೆಗಳ ಮೇಷ್ಟ್ರು ಲೂಯಿ ಬ್ರೈಲ್

2009ರಲ್ಲಿ ನಮ್ಮ ದೇಶದಲ್ಲಿ ಒಂದು ಎರಡು ರೂಪಾಯಿ ನಾಣ್ಯ ಬಂತು. ಅದರ ಮೇಲಿದ್ದ ಮುಖ ರಾಜನದ್ದಲ್ಲ, ಮಂತ್ರಿಯದ್ದೂ ಅಲ್ಲ. ಫ್ರಾನ್ಸ್ ದೇಶದ ಒಬ್ಬ ಅಂಧ ಮೇಷ್ಟ್ರದ್ದು. ಅವರೇ ಲೂಯಿ ಬ್ರೈಲ್. ಅವರು ಹುಟ್ಟಿ ಇನ್ನೂರು ವರ್ಷವಾದ ನೆನಪಿಗೆ ಹೊರಡಿಸಿದ ನಾಣ್ಯ ಅದು. ಅವರ ಜನ್ಮದಿನವಾದ ಜನವರಿ 4 ಅನ್ನು 2019ರಿಂದ ವಿಶ್ವಸಂಸ್ಥೆ ವಿಶ್ವ ಬ್ರೈಲ್ ದಿನವಾಗಿ ಆಚರಿಸುತ್ತಿದೆ. ನಾನು ಕಾಮರ್ಸ್ ವಿದ್ಯಾರ್ಥಿ. ಹಾಗಾಗಿ ಅವರ ಕಥೆಯನ್ನು ನಾಣ್ಯದಿಂದಲೇ ಶುರು ಮಾಡಿದ್ದೇನೆ.

ಲೂಯಿ ಹುಟ್ಟಿದ್ದು 1809ರಲ್ಲಿ, ಪ್ಯಾರಿಸ್ ಹತ್ತಿರದ ಕೂವ್ರೆ ಎಂಬ ಹಳ್ಳಿಯಲ್ಲಿ. ತಂದೆ ಕುದುರೆಗೆ ಜೀನು ಹೊಲಿಯುವ ಕೆಲಸದವರು. ಮೂರು ವರ್ಷದ ಮಗು ತಂದೆಯ ಅಂಗಡಿಯಲ್ಲಿ ಆಡುತ್ತಿದ್ದಾಗ ಚರ್ಮಕ್ಕೆ ತೂತು ಹಾಕುವ ಚೂಪಾದ ಉಪಕರಣ ಕಣ್ಣಿಗೆ ಚುಚ್ಚಿತು. ಗಾಯ ಕೀವಾಗಿ ಇನ್ನೊಂದು ಕಣ್ಣಿಗೂ ಹರಡಿತು. ಐದು ವರ್ಷ ತುಂಬುವ ಹೊತ್ತಿಗೆ ಎರಡೂ ಕಣ್ಣು ಹೋದವು.

ಆ ಕಾಲದಲ್ಲಿ ಬಡವರ ಮನೆಯ ಅಂಧ ಮಕ್ಕಳಿಗೆ ಹೆಚ್ಚಾಗಿ ಉಳಿಯುತ್ತಿದ್ದ ದಾರಿ ಭಿಕ್ಷೆ. ಲೂಯಿಯ ತಂದೆತಾಯಿ ಹಾಗೆ ಬಿಡಲಿಲ್ಲ. ಊರಿನ ಪಾದ್ರಿ ಪಾಠ ಹೇಳಿಕೊಟ್ಟರು. ಊರ ಶಾಲೆಯ ಮೇಷ್ಟ್ರು ಬೇರೆ ಮಕ್ಕಳ ಜೊತೆಯಲ್ಲೇ ಅವನನ್ನೂ ಕೂರಿಸಿಕೊಂಡರು. ಕೇಳಿ ಕೇಳಿಯೇ ಹುಡುಗ ತರಗತಿಯಲ್ಲಿ ಮುಂದೆ ಬಂದ. 1819ರಲ್ಲಿ, ಹತ್ತನೇ ವಯಸ್ಸಿನಲ್ಲಿ, ಪ್ಯಾರಿಸ್ಸಿನ ಅಂಧ ಮಕ್ಕಳ ರಾಜ ಸಂಸ್ಥೆಗೆ ಸೇರಿದ.

ಈ ಸಂಸ್ಥೆಯನ್ನು ಕಟ್ಟಿದ ವಾಲಂಟೀನ್ ಆವಿ ಎಂಬುವರು ಅಂಧರೂ ಓದಬಲ್ಲರು ಎಂದು ಮೊದಲೇ ತೋರಿಸಿದ್ದರು. ಸಾಮಾನ್ಯ ಅಕ್ಷರಗಳನ್ನೇ ದೊಡ್ಡದಾಗಿ ಕಾಗದದ ಮೇಲೆ ಉಬ್ಬಿಸಿ ಪುಸ್ತಕ ಮಾಡಿಸಿದ್ದರು. ಆದರೆ ಪುಸ್ತಕಗಳು ವಿಪರೀತ ಭಾರ. ಒಂದೊಂದು ಅಕ್ಷರದ ಆಕಾರವನ್ನೂ ಬೆರಳಿನಿಂದ ತಡವಿ ಗುರುತಿಸಬೇಕು. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲ ಪದ ಮರೆತುಹೋದರೆ ಆಶ್ಚರ್ಯವಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ ಎಂದರೆ ಆ ಅಕ್ಷರವನ್ನು ವಿದ್ಯಾರ್ಥಿ ತಾನೇ ಬರೆಯುವಂತಿರಲಿಲ್ಲ. ಬರೆಯಲು ಬಾರದವನು ನೋಟ್ಸ್ ಹೇಗೆ ಮಾಡಿಕೊಳ್ಳಬೇಕು, ಲೆಕ್ಕ ಹೇಗೆ ಮಾಡಬೇಕು?

1821ರ ಸುಮಾರಿಗೆ ಶಾರ್ಲ್ ಬಾರ್ಬಿಯೆ ಎಂಬ ಮಾಜಿ ಸೈನ್ಯಾಧಿಕಾರಿಯ ಚುಕ್ಕೆ ಬರವಣಿಗೆ ಈ ಸಂಸ್ಥೆಗೆ ಬಂತು. ಉಬ್ಬಿದ ಗೆರೆಗಿಂತ ಉಬ್ಬಿದ ಚುಕ್ಕೆ ಬೆರಳಿಗೆ ಬೇಗ ತಿಳಿಯುತ್ತದೆ ಎಂದು ಹುಡುಗರಿಗೆ ಗೊತ್ತಾಯಿತು. ಆದರೆ ಅದರಲ್ಲಿ ಒಂದು ಗುರುತಿಗೆ ಹನ್ನೆರಡು ಚುಕ್ಕೆಗಳವರೆಗೆ ಬೇಕಿತ್ತು, ಬೆರಳ ತುದಿಗೆ ಒಮ್ಮೆಲೇ ಸಿಗುತ್ತಿರಲಿಲ್ಲ. ಕಾಗುಣಿತವಿಲ್ಲ, ವಿರಾಮ ಚಿಹ್ನೆಯಿಲ್ಲ, ಅಂಕಿಗಳಿಲ್ಲ. ಲೂಯಿ ಇದನ್ನು ಹಿಡಿದು ತಿದ್ದತೊಡಗಿದ. 1824ರಲ್ಲಿ, ಹದಿನೈದನೇ ವಯಸ್ಸಿನಲ್ಲಿ, ಅವನ ಲಿಪಿ ಹೆಚ್ಚು ಕಡಿಮೆ ಸಿದ್ಧವಾಗಿತ್ತು. ನನಗಿಂತ ಎರಡು ವರ್ಷ ಚಿಕ್ಕವನು!

ಎರಡು ಸಾಲು, ಸಾಲಿಗೆ ಮೂರು, ಒಟ್ಟು ಆರು ಚುಕ್ಕೆಗಳು. ಯಾವುದು ಉಬ್ಬಿದೆ, ಯಾವುದು ಇಲ್ಲ ಎಂಬ ಲೆಕ್ಕದಲ್ಲಿ 63 ಗುರುತುಗಳು ಬರುತ್ತವೆ. ಇಷ್ಟರಲ್ಲೇ ಅಕ್ಷರ, ಅಂಕಿ, ಗಣಿತದ ಚಿಹ್ನೆ, ಸಂಗೀತದ ಸ್ವರ ಎಲ್ಲವೂ ಅಡಗಿವೆ. ಅಂಕಿಗೆ ಬೇರೆ ಗುರುತು ಹುಡುಕಬೇಕಿಲ್ಲ. ಸಂಖ್ಯೆಯ ಚಿಹ್ನೆ ಮುಂದೆ ಇಟ್ಟರೆ ಮೊದಲ ಹತ್ತು ಅಕ್ಷರಗಳೇ ಅಂಕಿಗಳಾಗುತ್ತವೆ.

1828ರಲ್ಲಿ ಬ್ರೈಲ್ ಅದೇ ಸಂಸ್ಥೆಯಲ್ಲಿ ಸಹಾಯಕ ಶಿಕ್ಷಕರಾದರು, 1833ರಲ್ಲಿ ಪೂರ್ಣ ಶಿಕ್ಷಕರಾದರು. ವ್ಯಾಕರಣ, ಭೂಗೋಳ, ಗಣಿತ, ಸಂಗೀತ ಕಲಿಸಿದರು. ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. 1829ರಲ್ಲಿ ತಮ್ಮ ಲಿಪಿಯ ಮೇಲೆ ಪುಸ್ತಕ ತಂದರು. ಕಣ್ಣಿರುವವರಿಗೂ ಅಂಧರಿಗೂ ಪತ್ರ ವ್ಯವಹಾರ ನಡೆಯಲಿ ಎಂದು 1839ರಲ್ಲಿ ಸಾಮಾನ್ಯ ಅಕ್ಷರಗಳನ್ನೇ ಚುಕ್ಕೆಗಳಿಂದ ಮೂಡಿಸುವ ಇನ್ನೊಂದು ವಿಧಾನ ಪ್ರಕಟಿಸಿದರು. ಅದಕ್ಕಾಗಿ ಫೂಕೊ ಎಂಬ ಅಂಧ ಗೆಳೆಯ ಒಂದು ಬರೆಯುವ ಯಂತ್ರವನ್ನೇ ಮಾಡಿಕೊಟ್ಟರು.

ಇಷ್ಟಾದರೂ ಅವರ ಲಿಪಿಗೆ ಮಾನ್ಯತೆ ಸಿಗಲಿಲ್ಲ. 1840ರಲ್ಲಿ ಬಂದ ಹೊಸ ನಿರ್ದೇಶಕ ದುಫೊ ಅದನ್ನು ತರಗತಿಯಿಂದ ತೆಗೆದರು. ಅಂಧರು ಎಲ್ಲರ ಅಕ್ಷರವನ್ನೇ ಓದಬೇಕು, ಬೇರೆ ಲಿಪಿ ಕೊಟ್ಟರೆ ಅವರು ಸಮಾಜದಿಂದ ಬೇರೆಯಾಗುತ್ತಾರೆ ಎಂಬುದು ಅಂಥವರ ವಾದ. ಕೇಳಲು ಇದು ನ್ಯಾಯವಾಗಿಯೇ ಇದೆ. ಆದರೆ ಸುಲಭವಾಗುತ್ತಿದ್ದುದು ಯಾರಿಗೆ? ಕಣ್ಣಿರುವ ಶಿಕ್ಷಕರಿಗೆ. ಓದಬೇಕಾದ ಬೆರಳನ್ನು ಯಾರೂ ಕೇಳಲಿಲ್ಲ. ವಿದ್ಯಾರ್ಥಿಗಳು ಮಾತ್ರ ಗುಟ್ಟಾಗಿ ಚುಕ್ಕೆಗಳಲ್ಲೇ ಬರೆಯುತ್ತಿದ್ದರು. ಉಪ ನಿರ್ದೇಶಕ ಗ್ವಾದೆ ಇದನ್ನು ಗಮನಿಸಿ ಮೇಲಿನವರ ಮನಸ್ಸು ಬದಲಿಸಿದರು. 1844ರಲ್ಲಿ ಹೊಸ ಕಟ್ಟಡದ ಉದ್ಘಾಟನೆಯಲ್ಲಿ ಎಲ್ಲರ ಎದುರು ಆ ಲಿಪಿಯಲ್ಲಿ ಬರೆದು, ಓದಿ ತೋರಿಸಲಾಯಿತು.

ಆಗಲೇ ಬ್ರೈಲ್ ಅವರಿಗೆ ಕ್ಷಯ ಹಿಡಿದು ವರ್ಷಗಳಾಗಿದ್ದವು. 1852ರ ಜನವರಿ 6ರಂದು, 43 ವರ್ಷ ತುಂಬಿ ಎರಡೇ ದಿನಕ್ಕೆ ತೀರಿಕೊಂಡರು. ಅವರ ಸಾಮಾನಿನಲ್ಲಿ ತೆರೆಯದೆ ಸುಡಬೇಕೆಂದು ಹೇಳಿದ್ದ ಒಂದು ಪೆಟ್ಟಿಗೆ ಇತ್ತಂತೆ. ಗೆಳೆಯರು ತೆರೆದು ನೋಡಿದರೆ ಒಳಗೆ ವಿದ್ಯಾರ್ಥಿಗಳು ಬರೆದುಕೊಟ್ಟ ಸಾಲದ ಚೀಟಿಗಳು! ನಮ್ಮ ಪುಸ್ತಕದಲ್ಲಿ ಇದನ್ನು ವಸೂಲಾಗದ ಸಾಲ ಎಂದು ನಷ್ಟಕ್ಕೆ ಬರೆಯುತ್ತೇವೆ. ನಮ್ಮ ದೀನಿನಲ್ಲಿ ಇಂಥ ಮಾಫಿಯನ್ನು ಸದಖಾ ಎನ್ನುತ್ತಾರೆ.

ಅವರು ತೀರಿಕೊಂಡ ಎರಡು ವರ್ಷಕ್ಕೆ, 1854ರಲ್ಲಿ, ಸಂಸ್ಥೆ ಆ ಲಿಪಿಯನ್ನು ಅಧಿಕೃತವಾಗಿ ಒಪ್ಪಿತು. ನೂರು ವರ್ಷದ ನಂತರ, 1952ರಲ್ಲಿ, ಅವರ ಅಸ್ಥಿಗಳನ್ನು ಪ್ಯಾರಿಸ್ಸಿನ ಪ್ಯಾಂಥಿಯನ್‌ಗೆ ಗೌರವದಿಂದ ತಂದರು. ಕೈಗಳನ್ನು ಮಾತ್ರ ಹುಟ್ಟೂರಿನಲ್ಲೇ ಉಳಿಸಿಕೊಂಡರು.

ಭಾರತದ ಭಾಷೆಗಳಿಗೆ ಒಂದೇ ಪದ್ಧತಿಯಾದ ಭಾರತಿ ಬ್ರೈಲ್ 1951ರಲ್ಲಿ ಬಂತು. ಇದರಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಒಂದಿದೆ. ನನ್ನ ಮನೆಮಾತು ಉರ್ದು. ಅದನ್ನು ಬಲದಿಂದ ಎಡಕ್ಕೆ ಓದುತ್ತೇನೆ, ಕನ್ನಡವನ್ನು ಎಡದಿಂದ ಬಲಕ್ಕೆ. ಬ್ರೈಲ್‌ನಲ್ಲಿ ಎರಡನ್ನೂ ಎಡದಿಂದ ಬಲಕ್ಕೇ ಓದುತ್ತಾರೆ. ಉರ್ದುವಿನ ಕಾಫ್, ಮೀಮ್, ಲಾಮ್ ಮತ್ತು ಕನ್ನಡದ ಕ, ಮ, ಲ ಅಲ್ಲಿ ಒಂದೇ ಚುಕ್ಕೆಗಳು. ಆದರೆ ಚೌಕಟ್ಟಿನಲ್ಲಿ ಕಾಗದ ಇಟ್ಟು ಕೈಯಿಂದ ಬರೆಯುವಾಗ ಹಿಂಬದಿಯಿಂದ ಚುಚ್ಚಬೇಕು, ಅದಕ್ಕೇ ಬಲದಿಂದ ಎಡಕ್ಕೆ ಬರೆಯುತ್ತಾರೆ. ಅಂದರೆ ಉರ್ದುವಿನ ಹಾಗೆ ಬರೆದು, ಹಾಳೆ ತಿರುವಿ, ಕನ್ನಡದ ಹಾಗೆ ಓದುವುದು!

ಇಂದು ಬ್ರೈಲ್ ಕಾಗದದಲ್ಲಷ್ಟೇ ಇಲ್ಲ. ಕಂಪ್ಯೂಟರಿಗೆ ಜೋಡಿಸುವ ಬ್ರೈಲ್ ಪಟ್ಟಿಯಲ್ಲಿ ಸಣ್ಣ ಕಡ್ಡಿಗಳು ಮೇಲೆದ್ದು ಅಕ್ಷರವಾಗುತ್ತವೆ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟು ಮೀಸಲಿಡಬೇಕೆನ್ನುತ್ತದೆ. ಪರೀಕ್ಷೆಯಲ್ಲಿ ಬರಹಗಾರರ ಸಹಾಯ, ಹೆಚ್ಚುವರಿ ಸಮಯದ ವಿಷಯವೂ ಅದರಲ್ಲಿದೆ.

ಆದರೆ ಸೀಟು ಸಿಕ್ಕರೆ ಸಾಲದು, ಪಾಠವೂ ಸಿಗಬೇಕು. ಕೈಬರಹದ ನೋಟ್ಸ್‌ನ ಫೋಟೊವನ್ನು ಗ್ರೂಪಿಗೆ ಹಾಕಿದರೆ ಸ್ಕ್ರೀನ್ ರೀಡರಿಗೆ ಅದನ್ನು ಸರಿಯಾಗಿ ಓದಲು ಕಷ್ಟ. ಅದನ್ನೇ ಟೈಪ್ ಮಾಡಿ ಕಳಿಸಿದರೆ ಓದುತ್ತದೆ. ಬ್ಯಾಲೆನ್ಸ್ ಶೀಟನ್ನು ಚಿತ್ರವಾಗಿ ಕಳಿಸದೆ ಎಕ್ಸೆಲ್‌ನಲ್ಲಿ ಕಳಿಸಿದರೆ ಒಂದೊಂದು ಮನೆಯ ಅಂಕಿಯನ್ನೂ ಕೇಳಿಸಿಕೊಳ್ಳಬಹುದು. ಇದಕ್ಕೆ ಹಣ ಬೇಕಿಲ್ಲ, ಸ್ವಲ್ಪ ಅಭ್ಯಾಸ ಬೇಕು. ಅಂಧ ವಿದ್ಯಾರ್ಥಿ ಬಂದ ಮೇಲೆ ಯೋಚಿಸೋಣ ಎನ್ನುವುದಕ್ಕಿಂತ, ಬರುವ ಮೊದಲೇ ತಯಾರಾಗಿರುವುದು ಒಳ್ಳೆಯದು. ನಮ್ಮ ತರಗತಿಯ ಗ್ರೂಪಿನಿಂದಲೇ ಶುರು ಮಾಡೋಣ ಎಂಬುದು ನನ್ನ ಸಹಪಾಠಿಗಳಲ್ಲಿ, ಉಪನ್ಯಾಸಕರಲ್ಲಿ ನನ್ನ ವಿನಂತಿ.