ರೊನಾಲ್ಡ್ ರಾಸ್: ಒಂದು ಪರಾವಲಂಬಿಯ ಹಾದಿ ಹಿಡಿದವರು

ಎಂಟನೇ ತರಗತಿಯ ಸೂಕ್ಷ್ಮಜೀವಿಗಳ ಪಾಠದಲ್ಲಿ ಮಲೇರಿಯಾದ ಪ್ರಸ್ತಾಪ ಬರುತ್ತದೆ. ಹೆಣ್ಣು ಅನಾಫಿಲಿಸ್ ಸೊಳ್ಳೆ ಪ್ಲಾಸ್ಮೋಡಿಯಂ ಎಂಬ ಪರಾವಲಂಬಿಯನ್ನು ಹರಡುತ್ತದೆ ಎಂದು ಹೇಳಿ, ಕಂಡುಹಿಡಿದವರು ರೊನಾಲ್ಡ್ ರಾಸ್ ಎಂದು ಸೇರಿಸಿ ಮುಂದಕ್ಕೆ ಹೋಗುವುದು ರೂಢಿ. ಆ ಒಂದು ವಾಕ್ಯದ ಹಿಂದೆ ಹಲವು ವರ್ಷಗಳ ದುಡಿಮೆಯಿದೆ, ನಮ್ಮ ಬೆಂಗಳೂರಿದೆ, ಒಂದು ಪಂಜರದ ತುಂಬ ಗುಬ್ಬಚ್ಚಿಗಳಿವೆ. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿ ಬಿ.ಎಡ್.ಗೆ ಬಂದ ನಾನು ಕಾಪು ಸಮೀಪದ ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸ ಮಾಡುವಾಗ ಈ ಜೀವನಕಥೆಯನ್ನು ಪಾಠಕ್ಕೆ ಬಳಸಿಕೊಂಡೆ. ಸಹಪಾಠಿಗಳಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ. ಮೀರತ್‌ನಲ್ಲಿ ಸಿಪಾಯಿಗಳು ದಂಗೆಯೆದ್ದು ಆಗ ಮೂರೇ ದಿನ ಕಳೆದಿತ್ತು. ತಂದೆ ಸೈನ್ಯಾಧಿಕಾರಿ. ಎಂಟನೇ ವಯಸ್ಸಿಗೆ ಹುಡುಗನನ್ನು ಓದಿಗಾಗಿ ಇಂಗ್ಲೆಂಡಿಗೆ ಕಳುಹಿಸಿದರು. ಅವನಿಗೆ ಚಿತ್ರಕಲೆ, ಸಂಗೀತ, ಕಾವ್ಯ, ಗಣಿತಗಳಲ್ಲಿ ಒಲವು. ವೈದ್ಯನಾಗಬೇಕೆಂಬುದು ತಂದೆಯ ಆಸೆ. ಲಂಡನ್ನಿನ ಸೇಂಟ್ ಬಾರ್ತಲೋಮ್ಯು ಆಸ್ಪತ್ರೆಯಲ್ಲಿ ಅರೆಮನಸ್ಸಿನಿಂದಲೇ ವೈದ್ಯಕೀಯ ಓದಿ, 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದರು. ಮೊದಲ ವರ್ಷಗಳಲ್ಲಿ ಅವರ ಬಿಡುವಿನ ವೇಳೆಯೆಲ್ಲ ಗಣಿತಕ್ಕೆ ಮತ್ತು ಕಾವ್ಯ ರಚನೆಗೆ ಹೋಗುತ್ತಿತ್ತು.

ಬೆಂಗಳೂರಿನ ತೊಟ್ಟಿ

1883ರಲ್ಲಿ ರಾಸ್ ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದರು. ವಾಸಕ್ಕೆ ಸಿಕ್ಕ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಕಾರಣ ಹುಡುಕಿದಾಗ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಹುಳುಗಳು ಓಡಾಡುವುದು ಕಂಡಿತು. ತೊಟ್ಟಿಯನ್ನು ಬರಿದು ಮಾಡಿಸಿದ ಮೇಲೆ ಸೊಳ್ಳೆಗಳು ಕಡಿಮೆಯಾದವು. ಉಳಿದ ಕಡೆಯೂ ಹೀಗೆಯೇ ಮಾಡಿಸಬಹುದೆಂದು ಮೇಲಿನ ಅಧಿಕಾರಿಗೆ ಹೇಳಿದರೆ, ಅವರು ಒಪ್ಪಲಿಲ್ಲ. ಸೊಳ್ಳೆಗೂ ಜ್ವರಕ್ಕೂ ಸಂಬಂಧವಿದೆಯೆಂದು ರಾಸ್‌ಗೆ ಆಗ ತಿಳಿದಿರಲಿಲ್ಲ. ಆದರೆ ನಿಂತ ನೀರನ್ನು ತೆಗೆದರೆ ಸೊಳ್ಳೆ ಇಲ್ಲವಾಗುತ್ತದೆ ಎಂಬ ಪಾಠ ಮುಂದೆ ಅವರ ಜೀವಮಾನದ ಕೆಲಸವಾಯಿತು.

ಮಲೇರಿಯಾ ರೋಗಿಯ ರಕ್ತದಲ್ಲಿ ಪರಾವಲಂಬಿ ಇರುವುದನ್ನು ಫ್ರೆಂಚ್ ಸೈನ್ಯದ ವೈದ್ಯ ಲಾವೆರಾನ್ 1880ರಲ್ಲೇ ಕಂಡಿದ್ದರು. ಅದು ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ದಾಟುತ್ತದೆ ಎಂಬುದು ಮಾತ್ರ ಬಗೆಹರಿದಿರಲಿಲ್ಲ. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದ ರಾಸ್‌ಗೆ ಪ್ಯಾಟ್ರಿಕ್ ಮ್ಯಾನ್ಸನ್ ಆ ಪರಾವಲಂಬಿಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿ, ಸೊಳ್ಳೆಯ ಮೇಲೆ ತಮಗಿದ್ದ ಅನುಮಾನವನ್ನೂ ತಿಳಿಸಿದರು. ಆನೆಕಾಲು ರೋಗದ ಹುಳು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು ಮ್ಯಾನ್ಸನ್ 1877ರಲ್ಲಿ ಚೀನಾದಲ್ಲಿ ಕಂಡಿದ್ದವರು. ಆದರೆ ಸೊಳ್ಳೆ ಸತ್ತುಬಿದ್ದ ನೀರನ್ನು ಕುಡಿದರೆ ರೋಗ ಬರುತ್ತದೆ ಎಂಬುದು ಅವರ ಊಹೆಯಾಗಿತ್ತು.

1895ರಲ್ಲಿ ಭಾರತಕ್ಕೆ ಮರಳಿದ ರಾಸ್ ಸಿಕಂದರಾಬಾದಿನಲ್ಲಿ ಕೆಲಸ ಆರಂಭಿಸಿದರು. ಅದೇ ವರ್ಷ ಕಾಲರಾ ನಿಯಂತ್ರಣಕ್ಕೆಂದು ಅವರನ್ನು ಮತ್ತೆ ಬೆಂಗಳೂರಿಗೆ ಕಳುಹಿಸಲಾಯಿತು. ಹಗಲಿನಲ್ಲಿ ಚರಂಡಿ, ಬಾವಿ, ಕೇರಿಗಳ ತಪಾಸಣೆ, ಬಿಡುವಿನಲ್ಲಿ ಸೊಳ್ಳೆ. ನೀರಿನ ಊಹೆ ಪ್ರಯೋಗದಲ್ಲಿ ನಿಲ್ಲದೆ ಹೋದಾಗ ಕಡಿತದ ಕಡೆಗೆ ಅವರ ಗಮನ ತಿರುಗಿತು. ಬೌರಿಂಗ್ ಆಸ್ಪತ್ರೆಯ ಸಹಾಯಕ ವೈದ್ಯ ಅಪ್ಪಯ್ಯ ಸ್ವತಃ ಮುಂದೆ ಬಂದು, ರೋಗಿಯ ರಕ್ತ ಕುಡಿದ ಸೊಳ್ಳೆಗಳಿಂದ ಕಚ್ಚಿಸಿಕೊಂಡರು. ಜ್ವರ ಬರಲಿಲ್ಲ. ಆಗ ಬಳಸುತ್ತಿದ್ದ ಸೊಳ್ಳೆಯ ಜಾತಿಯೇ ಬೇರೆ ಎಂಬುದು ಯಾರಿಗೂ ಹೊಳೆದಿರಲಿಲ್ಲ.

1897ರ ಆಗಸ್ಟ್

1897ರಲ್ಲಿ ಊಟಿ ಬಳಿಯ ಸಿಗೂರು ಘಾಟಿಗೆ ಹೋಗಿ ಸ್ವತಃ ಮಲೇರಿಯಾ ತಂದುಕೊಂಡ ರಾಸ್, ಸಿಕಂದರಾಬಾದಿಗೆ ಮರಳಿ ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕುಳಿತರು. ಸೆಕೆಯ ದಿನಗಳು. ಪಂಖ ಬೀಸಿದರೆ ಕೊಯ್ದಿಟ್ಟ ಸೊಳ್ಳೆಯ ತುಣುಕುಗಳು ಹಾರಿಹೋಗುತ್ತವೆ. ಬೀಸದಿದ್ದರೆ ಬೆವರಿಳಿದು ಉಪಕರಣದ ತಿರುಪುಗಳೇ ತುಕ್ಕು ಹಿಡಿಯುತ್ತವೆ. ಆ ಹೊತ್ತಿಗೆ ರೆಕ್ಕೆಯಲ್ಲಿ ಚುಕ್ಕೆಗಳಿದ್ದ ಬೇರೊಂದು ಬಗೆಯ ಸೊಳ್ಳೆಗಳು ಸಿಕ್ಕವು. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ, ಸೊಳ್ಳೆಯೊಂದಕ್ಕೆ ಒಂದಾಣೆಯ ಲೆಕ್ಕದಲ್ಲಿ, ಅವುಗಳಿಂದ ಕಚ್ಚಿಸಿಕೊಳ್ಳಲು ಒಪ್ಪಿದ. ಆಗಸ್ಟ್ 20ರಂದು ಅಂಥ ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ದುಂಡನೆಯ ಕೋಶಗಳೂ ಅವುಗಳೊಳಗೆ ಕಪ್ಪು ಕಣಗಳೂ ಕಂಡವು. ಮಲೇರಿಯಾ ಪರಾವಲಂಬಿಯ ಒಳಗಿರುವ ಕಣಗಳೂ ಅಂಥವೇ. ಮರುದಿನ ಉಳಿದ ಸೊಳ್ಳೆಯಲ್ಲಿ ಆ ಕೋಶಗಳು ಇನ್ನಷ್ಟು ದೊಡ್ಡದಾಗಿದ್ದವು. ಅಂದರೆ ಪರಾವಲಂಬಿ ಸೊಳ್ಳೆಯಲ್ಲಿ ಬೆಳೆಯುತ್ತಿದೆ ಎಂದಾಯಿತು. ಈಗ ಆಗಸ್ಟ್ 20ನ್ನು ವಿಶ್ವ ಸೊಳ್ಳೆ ದಿನವೆಂದು ಆಚರಿಸುವುದು ಇದೇ ಕಾರಣಕ್ಕೆ.

ಗುಬ್ಬಚ್ಚಿಗಳ ಪ್ರಯೋಗ

ಕೆಲಸ ಇನ್ನೂ ಅರ್ಧ ಮಾತ್ರ ಆಗಿತ್ತು. ಅಷ್ಟರಲ್ಲಿ ರಾಜಸ್ಥಾನದ ಖೇರ್ವಾಡಾಕ್ಕೆ ವರ್ಗವಾಯಿತು. ಅಲ್ಲಿ ಮಲೇರಿಯಾ ಪ್ರಕರಣಗಳೇ ಅಪರೂಪ. 1898ರ ಫೆಬ್ರವರಿಯಲ್ಲಿ ಕಲ್ಕತ್ತೆಗೆ ಬಂದರೆ ಅಲ್ಲಿ ಇನ್ನೊಂದು ತೊಡಕು: ಪ್ಲೇಗಿನ ಭೀತಿ ಹಬ್ಬಿ, ಬೆರಳಿಗೆ ಸೂಜಿ ಚುಚ್ಚಿಸಿಕೊಳ್ಳಲು ಜನ ಹೆದರುತ್ತಿದ್ದರು. ರಾಸ್ ಆಗ ಹಕ್ಕಿಗಳ ಮೊರೆ ಹೋದರು. ಗುಬ್ಬಚ್ಚಿ, ಬಾನಾಡಿಗಳಿಗೂ ಅವುಗಳದೇ ಆದ ಮಲೇರಿಯಾ ಇದೆ; ಅದರ ಪರಾವಲಂಬಿ ಮನುಷ್ಯರ ಮಲೇರಿಯಾದ ಹತ್ತಿರದ ಬಂಧು.

ಮೂರು ಗುಬ್ಬಚ್ಚಿಗಳನ್ನು ಆರಿಸಿದರು. ಒಂದರ ರಕ್ತದಲ್ಲಿ ಪರಾವಲಂಬಿ ಇಲ್ಲ, ಇನ್ನೊಂದರಲ್ಲಿ ಸಾಧಾರಣ, ಮತ್ತೊಂದರಲ್ಲಿ ಹೇರಳ. ಮೂರಕ್ಕೂ ಒಂದೇ ಜಾತಿಯ ಸೊಳ್ಳೆಗಳನ್ನು ಬಿಟ್ಟು, ಆಮೇಲೆ ಹತ್ತು ಹತ್ತು ಸೊಳ್ಳೆಗಳನ್ನು ಕೊಯ್ದು ಕಪ್ಪು ಕಣಗಳ ಕೋಶಗಳನ್ನು ಎಣಿಸಿದರು. ಮೊದಲನೆಯದರಲ್ಲಿ ಒಂದೂ ಇಲ್ಲ, ಎರಡನೆಯದರಲ್ಲಿ 292, ಮೂರನೆಯದರಲ್ಲಿ 1009.

ಜುಲೈ ತಿಂಗಳಲ್ಲಿ ಕೊನೆಯ ಕೊಂಡಿಯೂ ಸಿಕ್ಕಿತು. ಕೋಶಗಳು ಒಡೆದು ಹೊರಬಂದ ಎಳೆಯಂಥ ಸೂಕ್ಷ್ಮರೂಪಗಳು ಸೊಳ್ಳೆಯ ಲಾಲಾಗ್ರಂಥಿಯಲ್ಲಿ ಸೇರಿರುವುದನ್ನು ಅವರು ಕಂಡರು. ಸೊಳ್ಳೆ ಕಚ್ಚುವಾಗ ಜೊಲ್ಲಿನ ಜೊತೆ ಅವು ಒಳಗೆ ಹೋಗಲೇಬೇಕು. ಪರೀಕ್ಷಿಸಲು ಆರೋಗ್ಯವಾಗಿದ್ದ 28 ಗುಬ್ಬಚ್ಚಿಗಳಿಗೆ ಅಂಥ ಸೊಳ್ಳೆಗಳಿಂದ ಕಚ್ಚಿಸಿದರು. 22 ಗುಬ್ಬಚ್ಚಿಗಳಿಗೆ ಸೋಂಕು ತಗಲಿತು. ಸೊಳ್ಳೆಯ ಕಡಿತದಿಂದಲೇ ಮಲೇರಿಯಾ ದಾಟುತ್ತದೆ ಎಂಬುದು ಮೊದಲು ಸಾಬೀತಾದದ್ದು ಹೀಗೆ, ಹಕ್ಕಿಯಲ್ಲಿ. ಹಕ್ಕಿಗಳಿಗೆ ಹರಡಿದ್ದು ಕ್ಯೂಲೆಕ್ಸ್ ಸೊಳ್ಳೆ. ಮನುಷ್ಯರ ಮಲೇರಿಯಾ ಅನಾಫಿಲಿಸ್‌ನಲ್ಲಿ ಪೂರ್ಣವಾಗಿ ಬೆಳೆಯುವುದನ್ನು ಅದೇ ವರ್ಷದ ಕೊನೆಗೆ ಇಟಲಿಯ ಗ್ರಾಸಿ ಮತ್ತು ಸಂಗಡಿಗರು ತೋರಿಸಿದರು.

ಮುಂದಿನ ವರ್ಷಗಳು

1899ರಲ್ಲಿ ಭಾರತ ಬಿಟ್ಟ ರಾಸ್, ಲಿವರ್‌ಪೂಲ್‌ನ ಉಷ್ಣವಲಯ ವೈದ್ಯಕೀಯ ಶಾಲೆಯಲ್ಲಿ ಬೋಧಕರಾದರು. ಹಲವು ದೇಶಗಳಿಗೆ ಹೋಗಿ, ಸೊಳ್ಳೆ ಹುಟ್ಟುವ ನೀರನ್ನು ತೆಗೆಯುವ ಕೆಲಸಕ್ಕೆ ಹಚ್ಚಿದರು. ರೋಗ ಹರಡುವಿಕೆಯನ್ನು ಗಣಿತದಲ್ಲಿ ಬಿಡಿಸುವ ಹಾದಿ ಹಾಕಿದವರಲ್ಲಿ ಅವರೂ ಒಬ್ಬರು. ಹುಡುಗನಾಗಿದ್ದಾಗಿನ ಗಣಿತದ ಒಲವು ಇಲ್ಲಿ ಕೈಹಿಡಿಯಿತು. 1902ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಶ್ರೇಯಸ್ಸು ಯಾರಿಗೆ ಸೇರಬೇಕೆಂಬ ವಿಷಯದಲ್ಲಿ ಗ್ರಾಸಿಯವರೊಂದಿಗೆ ಕಹಿಯಾದ ಜಗಳ ಬಹುಕಾಲ ನಡೆಯಿತು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು.

ತರಗತಿಯಲ್ಲಿ ಬಳಸಿದ ಬಗೆ

ಕಥೆಯನ್ನು ಪೂರ್ತಿ ಹೇಳಲು ಒಂದು ಅವಧಿ ಸಾಲದು. ನಾನು ಮೂರು ಕಡೆ ಮಾತ್ರ ನಿಂತೆ.

ಮೊದಲನೆಯದು ಆ ಮೂರು ಸಂಖ್ಯೆಗಳು. 0, 292, 1009 ಎಂದು ಕರಿಹಲಗೆಯ ಮೇಲೆ ಬರೆದು, ಇದರಿಂದ ಏನು ತಿಳಿಯುತ್ತದೆ ಎಂದು ಕೇಳಿದೆ. ಕೊನೆಯ ಎರಡನ್ನು ಮಕ್ಕಳು ಸುಲಭವಾಗಿ ವಿವರಿಸಿದರು. ಸೊನ್ನೆಯ ಗುಬ್ಬಚ್ಚಿ ಏಕೆ ಬೇಕಿತ್ತು ಎಂಬುದಕ್ಕೆ ಚರ್ಚೆ ಹತ್ತು ನಿಮಿಷ ನಡೆಯಿತು. ಅದಿಲ್ಲದಿದ್ದರೆ ಆ ಕೋಶಗಳು ಸೊಳ್ಳೆಯಲ್ಲಿ ಮೊದಲಿನಿಂದಲೂ ಇದ್ದವೋ ಏನೋ ಎಂದು ಒಬ್ಬ ಹುಡುಗಿ ಹೇಳಿದಾಗ, ನಿಯಂತ್ರಿತ ಪ್ರಯೋಗ ಎಂಬ ಪದವನ್ನು ಕೊಡುವುದಷ್ಟೇ ನನಗೆ ಉಳಿದದ್ದು.

ಎರಡನೆಯದು ಹಟ್ಟಿ. ದನ ಸಾಕುವ ಮನೆಯ ಹುಡುಗನೊಬ್ಬ, ತಮ್ಮ ಮಿಶ್ರತಳಿ ಹಸುವಿಗೆ ಜ್ವರ ಬಂದು ಮೂತ್ರ ಕೆಂಪಾಗಿತ್ತು, ಅದೂ ಸೊಳ್ಳೆಯಿಂದಲೇ ಎಂದು ಕೇಳಿದ. ಇದಕ್ಕೆ ಉತ್ತರ ರಾಸ್‌ಗಿಂತ ಹಿಂದೆಯೇ ಸಿಕ್ಕಿತ್ತು. 1893ರಲ್ಲಿ ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್, ದನಗಳ ಅಂಥ ಜ್ವರದ ಪರಾವಲಂಬಿಯನ್ನು ಉಣುಗು ಹರಡುತ್ತದೆ ಎಂದು ತೋರಿಸಿದ್ದರು. ಬೆಬೇಸಿಯಾ ಎಂಬ ಆ ಪರಾವಲಂಬಿಯೂ ಕೆಂಪು ರಕ್ತಕಣಗಳನ್ನು ಒಡೆಯುವುದರಿಂದ ಮೂತ್ರಕ್ಕೆ ಆ ಬಣ್ಣ ಬರುತ್ತದೆ. ಇಂಥ ಲಕ್ಷಣ ಕಂಡರೆ ತಡಮಾಡದೆ ಪಶುವೈದ್ಯರನ್ನು ಕರೆಯಬೇಕು. ಪರಾವಲಂಬಿ, ಆತಿಥೇಯ, ವಾಹಕ ಎಂಬ ಮೂರು ಪದಗಳನ್ನು ಗುಬ್ಬಚ್ಚಿ, ಹಸು, ಮನುಷ್ಯ ಮೂರಕ್ಕೂ ಅನ್ವಯಿಸಿ ಕೋಷ್ಟಕ ಬರೆಸಿದೆ.

ಮೂರನೆಯದು ಹೆಸರುಗಳು. ಹುಸೇನ್ ಖಾನ್, ಅಪ್ಪಯ್ಯ, ಕಲ್ಕತ್ತೆಯಲ್ಲಿ ರಾಸ್‌ಗೆ ನೆರವಾದ ಮೊಹಮ್ಮದ್ ಬಕ್ಷ್ ಇವರನ್ನು ಕರಿಹಲಗೆಯಲ್ಲಿ ರಾಸ್ ಹೆಸರಿನ ಪಕ್ಕದಲ್ಲೇ ಬರೆದೆ. ಹಣ ಕೊಟ್ಟು ರೋಗಿಯನ್ನು ಕಚ್ಚಿಸಿದ್ದು ಸರಿಯೇ ಎಂದು ಮಕ್ಕಳು ಕೇಳುತ್ತಾರೆ; ಕೇಳಲು ಬಿಡಬೇಕು. ಇಂದು ಸಂಶೋಧನೆಗೆ ನೈತಿಕ ನಿಯಮಗಳು ಏಕೆ ಇವೆ ಎಂಬುದು ಆ ಪ್ರಶ್ನೆಯಿಂದಲೇ ಅರ್ಥವಾಗುತ್ತದೆ.

ಗೃಹಪಾಠವಾಗಿ ನೀರು ನಿಲ್ಲುವ ಜಾಗಗಳ ಪಟ್ಟಿ ಮಾಡಿಸಿದೆ: ತೆಂಗಿನ ಗೆರಟೆ, ಅಡಿಕೆ ಹಾಳೆ, ಬಾವಿಯ ಬಳಿಯ ತೊಟ್ಟಿ, ಮುಚ್ಚಳವಿಲ್ಲದ ಟ್ಯಾಂಕು. ಮಣಿಪಾಲದಲ್ಲಿ ಬೋಧನಾಭ್ಯಾಸ ಮಾಡುವವರು ಕಟ್ಟಡ ಕಾಮಗಾರಿಯ ನೀರನ್ನೂ, ಕಾರ್ಕಳದವರು ರಬ್ಬರ್ ತೋಟದ ಹಾಲಿನ ಬಟ್ಟಲುಗಳನ್ನೂ ಸೇರಿಸಿಕೊಳ್ಳಬಹುದು. ಪಟ್ಟಿಯಲ್ಲಿ ಕಂಡ ತೊಟ್ಟಿಯನ್ನು ಮನೆಯವರ ಜೊತೆ ಸೇರಿ ಬರಿದು ಮಾಡಿದ ಮೇಲೆಯೇ ಅದರ ಎದುರು ಗುರುತು ಹಾಕಬೇಕು ಎಂಬುದು ಷರತ್ತು. ಮಳೆಗಾಲದ ಮೊದಲ ವಾರ ಈ ಪಾಠಕ್ಕೆ ಸೂಕ್ತ.